ಅಪ್ಪ ಗೆಲ್ಲದೆ ಬಿಟ್ಟ ದೇಶಗಳು

ನನ್ನ ಫೋನಿನಲ್ಲಿ ಒಂದು ಆಟವಿದೆ. ತೆರೆದರೆ ಪ್ರಪಂಚದ ನಕಾಶೆ ಪರದೆ ತುಂಬ ಹರಡಿಕೊಳ್ಳುತ್ತದೆ. ಪ್ರತಿ ದೇಶದ ಮೇಲೆ ಒಂದು ದುಂಡು ಗುರುತು, ಅದರೊಳಗೆ ಅಲ್ಲಿರುವ ಸೈನಿಕರ ಸಂಖ್ಯೆ. ಆ ಸಂಖ್ಯೆ ತಾನಾಗಿಯೇ ಬೆಳೆಯುತ್ತ ಹೋಗುತ್ತದೆ. ನಮ್ಮ ದೇಶದ ಮೇಲೆ ಬೆರಳಿಟ್ಟು ಇನ್ನೊಂದು ದೇಶದವರೆಗೆ ಎಳೆದರೆ ಸೈನಿಕರು ಅತ್ತ ಓಡುತ್ತಾರೆ. ಅಲ್ಲಿದ್ದವರಿಗಿಂತ ನಮ್ಮವರು ಹೆಚ್ಚಿದ್ದರೆ ಆ ದೇಶಕ್ಕೆ ನಮ್ಮ ಬಣ್ಣ. ನಾವು ಯೋಚಿಸುತ್ತ ಕೂತರೆ ಎದುರಾಳಿ ಕೂರುವುದಿಲ್ಲ, ಅವನೂ ಅದೇ ಹೊತ್ತಿಗೆ ನಮ್ಮ ಮೇಲೆ ಬರುತ್ತಿರುತ್ತಾನೆ. ಭೂಮಿಯೆಲ್ಲ ಒಂದೇ ಬಣ್ಣವಾದರೆ ಆಟ ಮುಗಿಯಿತು. ಇಷ್ಟೇ.

ಆಡಿದವರು ತಮ್ಮ ಅಭಿಪ್ರಾಯ ಬರೆಯಲು ಆಟದ ಪುಟದಲ್ಲಿ ಜಾಗವಿದೆ. ಅಲ್ಲಿ ಹೊಗಳಿದವರೂ ಇದ್ದಾರೆ, ಆದರೆ ಬಾಯಿಗೆ ಬಂದಂತೆ ಬೈದವರೇ ಹೆಚ್ಚು. ನಾನು ಆ ಆಟಕ್ಕೆ ಎಷ್ಟು ಋಣಿಯೋ ಹಾಗೆ ಬೈದ ಆ ಜನರಿಗೂ ಅಷ್ಟೇ ಋಣಿ. ಅವರ ಮುಖ ನಾನು ಕಂಡಿಲ್ಲ, ಊರು ಗೊತ್ತಿಲ್ಲ. ನಮ್ಮಪ್ಪನ ಬಲಗೈ ಇವತ್ತು ಅಷ್ಟಿಷ್ಟು ಆಡುತ್ತಿದ್ದರೆ ಅದರಲ್ಲಿ ಅವರ ಪಾಲೂ ಇದೆ.

ನಾನು ತೆಲಂಗಾಣದ ತಾಂಡೂರಿನಲ್ಲಿ ಬಟ್ಟೆ ಹೊಲಿಯುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಗಂಡ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗುತ್ತಾರೆ. ತವರು ನಾರಾಯಣಖೇಡದ ಹತ್ತಿರದ ಹಳ್ಳಿ. ಅಲ್ಲಿ ನಮ್ಮದು ಕುರಿ ಸಾಕುವ ಮನೆ, ಜೊತೆಗೆ ತುಸು ಹೊಲ. ಕಳೆದ ಮಳೆಗಾಲದಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಮಾತು ಬೇಗ ಮರಳಿತು, ಕಾಲು ನಿಧಾನವಾಗಿ ಮರಳಿತು, ಬಲಗೈ ಮಾತ್ರ ತೊಡೆಯ ಮೇಲೆ ಬಿದ್ದುಕೊಂಡೇ ಇತ್ತು. ಊರಿನಲ್ಲಿ ಕೈಗೆ ವ್ಯಾಯಾಮ ಮಾಡಿಸುವವರು ಯಾರಿದ್ದಾರೆ? ನನ್ನ ತಮ್ಮ ಅಪ್ಪನನ್ನು ಬಸ್ಸಿನಲ್ಲಿ ಕರೆತಂದು ನಮ್ಮ ಮನೆಯಲ್ಲಿ ಬಿಟ್ಟು ಹೋದ. ಕುರಿಗಳನ್ನು ಯಾರ ಮೇಲೋ ಹಾಕಿ ಅವನು ಇಲ್ಲಿ ನಿಲ್ಲುವಂತಿರಲಿಲ್ಲ.

ಮಗಳ ಮನೆಯಲ್ಲಿ ಇರಬೇಕಾಯಿತಲ್ಲ ಎನ್ನುವುದಕ್ಕಿಂತ ದೊಡ್ಡ ಚಿಂತೆ ಅಪ್ಪನಿಗೆ ಬೇರೆಯಿತ್ತು. ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಸಂಕ್ರಾಂತಿ ಆದಮೇಲೆ ಕುರಿಗಳ ಉಣ್ಣೆ ಕತ್ತರಿಸುವ ದಿನ, ಎಲ್ಲಕ್ಕಿಂತ ಮೊದಲು ದೊಡ್ಡ ಟಗರಿನ ಬೆನ್ನ ಮೇಲೆ ಮನೆಯ ಹಿರಿಯ ಕತ್ತರಿ ಆಡಿಸಬೇಕು. ಬಲಗೈಯಲ್ಲೇ ಆಡಿಸಬೇಕು. ಅದು ಆಗದ ವರ್ಷ ಕತ್ತರಿಯನ್ನು ಮಗನ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯಬೇಕು. ಒಮ್ಮೆ ಕೊಟ್ಟರೆ ಆಯಿತು, ಮತ್ತೆ ಕೇಳುವಂತಿಲ್ಲ. ನಮ್ಮಜ್ಜ ಹಾಗೆ ಕೊಟ್ಟವನು ಆಮೇಲೆ ದೊಡ್ಡಿಯ ಕಡೆ ಹೋಗುವುದನ್ನೇ ಬಿಟ್ಟಿದ್ದ. ಜಗಲಿಯ ಮೇಲೆ ಕೂತು ಕುರಿಗಳು ಹೋಗುವುದನ್ನು ನೋಡುತ್ತಿದ್ದ, ಯಾರಾದರೂ ಏನಾದರೂ ಕೇಳಿದರೆ 'ನನಗೇನು ಕೇಳ್ತೀರಿ' ಎನ್ನುತ್ತಿದ್ದ. ಅಪ್ಪ ಬಾಯಿಬಿಟ್ಟು ಹೇಳದಿದ್ದರೂ ಅವನ ಕಣ್ಣ ಮುಂದೆ ಇದ್ದದ್ದು ಆ ಜಗಲಿಯೇ. ಸಂಕ್ರಾಂತಿಯೊಳಗೆ ಕೈ ಬರಬೇಕು, ಇಲ್ಲವಾದರೆ ತಾನು ಮುಗಿದಂತೆ ಎಂದುಕೊಂಡಿದ್ದ.

ವ್ಯಾಯಾಮದ ಡಾಕ್ಟರಮ್ಮ ಒಳ್ಳೆಯ ಹೆಂಗಸು. ಜೋಳದ ಕಾಳು ಹರವಿ ಬಲಗೈ ಬೆರಳಿನಿಂದ ಒಂದೊಂದೇ ಸರಿಸಲಿ, ನುಣುಪಾದ ಏನಾದರೊಂದರ ಮೇಲೆ ಬೆರಳಾಡಿಸುತ್ತಿರಲಿ ಎಂದಳು. ನಾನು ಮೊರದಲ್ಲಿ ಜೋಳ ಹರವಿ ಮುಂದಿಟ್ಟೆ. ಅಪ್ಪ ಮೊರ ನೋಡಿದ, ನನ್ನ ನೋಡಿದ.

"ಜ್ವಾಳ ಆರಸಾಕ ನಾ ಏನ್ ಮುದುಕಿ ಆಗೀನೇನು?" ಎಂದ.

ಅವನ ಹಟ ನನಗೂ ಬಂದಿದೆ. ನಾನೂ ಮೊರ ತೆಗೆಯಲಿಲ್ಲ. ದಿನವೆಲ್ಲ ಅದು ಅಲ್ಲೇ ಇತ್ತು, ಸಂಜೆ ಪಕ್ಕದ ಮನೆಯ ಕೋಳಿ ಬಂದು ಚಿಕಿತ್ಸೆಯನ್ನೆಲ್ಲ ತಿಂದು ಹೋಯಿತು. ಹೀಗೆಯೇ ವಾರಗಳು ಹೋದವು. ನಾನು ರೇಗುವುದು, ಅವನು ಗೋಡೆಯ ಕಡೆ ತಿರುಗುವುದು.

ಆ ಆಟವನ್ನು ಆಗ ಆಡುತ್ತಿದ್ದವಳು ನಾನು. ಕರೆಂಟು ಹೋದರೆ ಹೊಲಿಗೆ ಯಂತ್ರ ನಿಲ್ಲುತ್ತದೆ, ಗಿರಾಕಿಗಳೂ ಬರುವುದಿಲ್ಲ. ಪಾಲಿಶ್ ಕಲ್ಲಿನ ತಂಪು ನೆಲದ ಮೇಲೆ ಕಾಲು ಚಾಚಿ ದೇಶ ಗೆಲ್ಲುತ್ತ ಕೂರುತ್ತಿದ್ದೆ. ಗೆಲ್ಲುತ್ತ ಎಂದರೆ ಸುಳ್ಳಾದೀತು, ಹೆಚ್ಚಾಗಿ ಸೋಲುತ್ತಲೇ ಇದ್ದೆ. ಒಂದು ಮಧ್ಯಾಹ್ನ ಅಪ್ಪ ನನ್ನ ಹೆಗಲ ಮೇಲಿಂದ ಇಣುಕಿದ. ಏನಿದು ಎಂದು ಕೇಳಿದ, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ ತಡೆಯಲಾಗಲಿಲ್ಲ.

"ದೊಡ್ಡಿ ಖಾಲಿ ಬಿಟ್ಟು ಎಲ್ಲಾರ್ನೂ ಅತ್ತ ಕಳಸ್ತಿಯಲ್ಲ, ಹಿಂದಿಂದ ತೋಳ ಬಂದ್ರ ಏನ್ ಮಾಡ್ತಿ?"

ಅವನು ಹೇಳಿ ಮುಗಿಸುವಷ್ಟರಲ್ಲಿ ತೋಳ ಬಂದೇಬಿಟ್ಟಿತು. ನನ್ನ ಖಾಲಿ ದೇಶ ಕೆಂಪಾಯಿತು. ಅಪ್ಪ ಎಡಗೈ ಚಾಚಿದ. ನಾನು ಫೋನು ಹಿಂದಕ್ಕೆ ಎಳೆದುಕೊಂಡೆ.

"ಎಡಗೈ ಬ್ಯಾಡ. ಬಲಗೈ ಬೆರಳು ಹಚ್ಚು. ಇಲ್ಲಾಂದ್ರ ಸುಮ್ನ ಕೂಡು."

"ಅಪ್ಪಗ ಹಿಂಗ ಮಾತಾಡ್ತಾರೇನು?"

"ನೀನೇ ಕಲಿಸೀದಿ."

ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ಪರದೆಯ ಮೇಲೆ ಇಟ್ಟುಕೊಂಡ. ತೋರುಬೆರಳು ಒಂದು ದೇಶದ ಮೇಲೆ ಸತ್ತಂತೆ ಬಿದ್ದಿತ್ತು. ಹಣೆಯಲ್ಲಿ ಬೆವರು ಬಂತು. ಬೆರಳು ತುಸು, ಅಕ್ಕಿಕಾಳಿನಷ್ಟು ಸರಿಯಿತು. ಅವನ ಸೈನಿಕರು ಎಲ್ಲಿಗೂ ಹೋಗಲಿಲ್ಲ, ಅಷ್ಟರಲ್ಲಿ ಎದುರಾಳಿ ಬಂದು ಎಲ್ಲ ಬಾಚಿಕೊಂಡ. ಅಪ್ಪ ಉಸಿರು ಬಿಟ್ಟು, "ಮತ್ತ ಹಚ್ಚು" ಎಂದ. ಜೋಳದ ಮೊರಕ್ಕೆ ಆಗದ ಕೆಲಸ ಸೋಲಿನಿಂದ ಆಯಿತು. ಅವನ ಜೀವಮಾನದಲ್ಲಿ ಯಾರೂ ಅವನ ದೊಡ್ಡಿಗೆ ನುಗ್ಗಿ ಹೀಗೆ ಒಯ್ದಿರಲಿಲ್ಲ.

ಅವತ್ತಿನಿಂದ ಕರೆಂಟು ಇರಲಿ ಬಿಡಲಿ, ಫೋನು ಅವನದಾಯಿತು. ಗಿರಾಕಿಗಳು ಕರೆ ಮಾಡಿದರೆ 'ಹೊಲ್ಯಾಕತ್ತಾಳ, ಆಮ್ಯಾಲ ಮಾಡ್ರಿ' ಎಂದು ಇಟ್ಟುಬಿಡುತ್ತಿದ್ದ. ಬೆರಳು ದಿನದಿನಕ್ಕೆ ದೂರ ಹೋಗತೊಡಗಿತು. ಮೊದಲು ಪಕ್ಕದ ದೇಶ, ಆಮೇಲೆ ಅದರಾಚೆಯದು, ಕೊನೆಗೆ ಸಮುದ್ರ ದಾಟಿತು. ಓದು ಬರದ ಅವನಿಗೆ ದೇಶಗಳ ಹೆಸರು ತಿಳಿಯುತ್ತಿರಲಿಲ್ಲ, ಗುರುತು ತಾನೇ ಇಟ್ಟುಕೊಂಡ. ಆಫ್ರಿಕಾ 'ಕರೀ ಹೊಲ', ರಷ್ಯಾ 'ಆ ಉದ್ದನ್ನ ಬೀಳು'.

ಅಭಿಪ್ರಾಯಗಳನ್ನು ಓದುವುದು ಆಮೇಲೆ ಶುರುವಾಯಿತು. ಬೆರಳು ಸೋತಾಗ ಅವನಿಗೆ ಬಿಡುವು ಬೇಕಿತ್ತು, ಡಾಕ್ಟರಮ್ಮ ಮುಷ್ಟಿ ಹಿಂಡುವ ಅಭ್ಯಾಸವನ್ನೂ ಹೇಳಿದ್ದಳು. ನಾನು ಅಂಗಡಿಯ ತುಂಡುಬಟ್ಟೆಗಳನ್ನು ಸುತ್ತಿ ಒಂದು ಚೆಂಡು ಕಟ್ಟಿಕೊಟ್ಟೆ. ಅದನ್ನು ಸುಮ್ಮನೆ ಹಿಂಡು ಎಂದರೆ ಹಿಂಡುವವನಲ್ಲ. ಹೊತ್ತು ಹೋಗಲೆಂದು ಆ ಪುಟ ತೆಗೆದು ಓದಿದೆ. ತೆಲುಗು, ಹಿಂದಿ, ಇಂಗ್ಲಿಷು, ಅಲ್ಲೊಂದು ಇಲ್ಲೊಂದು ಕನ್ನಡ. ನನಗೆ ತಿಳಿದಷ್ಟನ್ನು ನಮ್ಮ ಮಾತಿಗೆ ತಂದು ಹೇಳುತ್ತಿದ್ದೆ.

ಒಬ್ಬ ತೆಲುಗಿನಲ್ಲಿ ಬರೆದಿದ್ದ, ಸೈನಿಕರು ಬಹಳ ನಿಧಾನವಾಗಿ ಹೆಚ್ಚುತ್ತಾರೆ, ಬೇಸರದ ಆಟ ಎಂದು.

"ಕುರಿ ಈಯಾಕ ಐದು ತಿಂಗಳು ಬೇಕು. ಇವನಿಗೇನ್ ಗಡಬಡಿ ಅದ?" ಎಂದು ಅಪ್ಪ ಚೆಂಡು ಹಿಂಡಿದ.

ಇನ್ನೊಬ್ಬ, ಎದುರಾಳಿ ಮೋಸಗಾರ, ನಾನು ಅತ್ತ ಹೋದಾಗ ಹಿಂದಿನಿಂದ ಬಂದು ಹೊಡೆಯುತ್ತಾನೆ, ಈ ಆಟ ಮಾಡಿದವರಿಗೆ ನಾಚಿಕೆಯಾಗಬೇಕು ಎಂದಿದ್ದ.

"ಮೋಸ ಎಲ್ಲಿ ಬಂತು? ಇವ ನಾಯಿ ಕಟ್ಟಿಲ್ಲ." ಮತ್ತೊಂದು ಹಿಂಡು.

ಆಟ ಒಂದು ತುತ್ತು, ಜಾಹೀರಾತು ಒಂದು ತಟ್ಟೆ ಎಂದು ಯಾರೋ ರಾಗ ತೆಗೆದಿದ್ದರು. "ಪುಕ್ಕಟ ಕುಂತು ಆಡ್ತಾನ, ಮ್ಯಾಲ ಬೈತಾನ ಬ್ಯಾರೆ!" ಈ ಸಲ ಚೆಂಡಿನ ನೂಲು ಕಿತ್ತಿತು.

ನಾನು ಗಮನಿಸಿದೆ. ಆಟವನ್ನು ಹೊಗಳಿದ ಅಭಿಪ್ರಾಯ ಓದಿದರೆ ಅಪ್ಪ 'ಭೇಷ್' ಎಂದು ತಲೆಯಾಡಿಸಿ ಸುಮ್ಮನಾಗುತ್ತಿದ್ದ, ಕೈ ಆರಾಮಾಗಿ ಬಿದ್ದಿರುತ್ತಿತ್ತು. ಬೈಗುಳ ಓದಿದರೆ ಮುಷ್ಟಿ ಬಿಗಿಯುತ್ತಿತ್ತು. ಆಮೇಲೆ ನಾನು ಹೊಗಳಿದವರನ್ನು ಬಿಟ್ಟು ಬೈದವರನ್ನೇ ಹುಡುಕಿ ಹುಡುಕಿ ಓದತೊಡಗಿದೆ. ಸಿಗದ ದಿನ ನಾನೇ ಎರಡು ಬೈಗುಳ ಸೇರಿಸಿಯೂ ಓದಿದ್ದುಂಟು. ಅಪ್ಪ ಪಂಚಾಯಿತಿ ಕಟ್ಟೆಯ ಮೇಲೆ ಕೂತವನ ಹಾಗೆ ಒಬ್ಬೊಬ್ಬನಿಗೂ ತೀರ್ಪು ಕೊಡುತ್ತಿದ್ದ. ಎಲ್ಲೋ ಕೂತು ಸಿಟ್ಟಿನಲ್ಲಿ ಟಪಟಪನೆ ಬರೆದ ಆ ಪುಣ್ಯಾತ್ಮರಿಗೆ ತಾವು ಯಾರ ಕೈಗೆ ಮದ್ದು ಹಚ್ಚುತ್ತಿದ್ದೇವೆಂದು ಗೊತ್ತೇ ಇರಲಿಲ್ಲ.

ಬೆರಳು ಚುರುಕಾದ ಮೇಲೆ ಅಪ್ಪ ಗೆಲ್ಲುವ ಹಂತಕ್ಕೆ ಬಂದ. ಒಂದು ಮಧ್ಯಾಹ್ನ ಭೂಮಿಯೆಲ್ಲ ಅವನ ಹಸಿರು ಬಣ್ಣ. ಮೇಲೆ ಮೂಲೆಯಲ್ಲಿ ಗ್ರೀನ್‌ಲ್ಯಾಂಡ್ ಒಂದೇ ಕೆಂಪಗೆ ಉಳಿದಿತ್ತು. ನಾನು ಹೊಲಿಗೆ ಬಿಟ್ಟು ಓಡಿಬಂದೆ.

"ತಗೋ ಅಪ್ಪಾ, ತಗೋ! ಅಲ್ಲಿ ಮಂದಿನೇ ಇಲ್ಲ."

ಅಪ್ಪ ಬೆರಳು ಎತ್ತಿಬಿಟ್ಟ. "ಅದು ಬ್ಯಾಡ."

"ಯಾಕ? ಅದೊಂದು ತಗೊಂಡ್ರ ಗೆದ್ದಿ!"

"ಹೊಲ ಪೂರಾ ಮೇಯಿಸಬಾರ್ದು ಯವ್ವಾ. ಹಿಂದ ಬರೋರ ಪಾಲು ಬಿಡಬೇಕು."

ಕುರಿ ಮೇಯಿಸುವ ನಮ್ಮವರೆಲ್ಲ ಹೀಗೆಯೇ. ಬೆಳೆ ಕೊಯ್ದ ಹೊಲಕ್ಕೆ ಕುರಿ ಬಿಟ್ಟರೆ ಒಂದು ಅಂಚನ್ನು ಮುಟ್ಟದೆ ಹಾಗೇ ಬಿಟ್ಟು ಬರುತ್ತಾರೆ. ಹಿಂದೆ ಇನ್ನೊಬ್ಬರ ಕುರಿ ಬಂದರೆ ಹಸಿದು ಹೋಗಬಾರದು. ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಅದನ್ನು ಫೋನಿನ ಯುದ್ಧಕ್ಕೆ ತಂದು ಹಾಕುವವರನ್ನು ನೋಡಿದ್ದು ಅದೇ ಮೊದಲು. ಆಟದ ಲೆಕ್ಕದಲ್ಲಿ ಇದು ಶುದ್ಧ ತಪ್ಪು. ಬಿಟ್ಟ ಎದುರಾಳಿ ಸುಮ್ಮನಿರುತ್ತಾನೆಯೇ? ಗ್ರೀನ್‌ಲ್ಯಾಂಡಿನ ಸಂಖ್ಯೆ ಬೆಳೆಯಿತು, ಬೆಳೆದು ಕೆಳಗೆ ಇಳಿಯಿತು, ಅಪ್ಪನ ಅರ್ಧ ಭೂಮಿ ಕೆಂಪಾಯಿತು. ನಾನು ತಲೆ ಚಚ್ಚಿಕೊಂಡೆ. ಅಪ್ಪ ಮಾತ್ರ ತಲೆ ಕೆಡಿಸಿಕೊಳ್ಳದೆ ಒಂದೊಂದೇ ದೇಶವನ್ನು ಹಿಂದಕ್ಕೆ ತಂದ, ಎದುರಾಳಿಯನ್ನು ಅದೇ ಮೂಲೆಯವರೆಗೆ ಅಟ್ಟಿ ಮತ್ತೆ ಬೆರಳೆತ್ತಿದ.

ಹೀಗೆ ಅವನ ಆಟ ಮುಗಿಯುವುದೇ ಇಲ್ಲ. ಮುಗಿಯದ್ದರಿಂದ ಬೆರಳು ನಿಲ್ಲುವುದೂ ಇಲ್ಲ. ಬೇಗ ಗೆದ್ದುಬಿಡುವ ಮನುಷ್ಯನಾಗಿದ್ದರೆ ಒಂದು ವಾರದಲ್ಲಿ ಬೇಸತ್ತು ಫೋನು ಬಿಸಾಡಿರುತ್ತಿದ್ದ. ಡಾಕ್ಟರಮ್ಮ ಬೆರಳು ಹಿಡಿದು ನೋಡಿ, ಮನೆಯಲ್ಲಿ ಏನು ಮಾಡಿಸುತ್ತಿದ್ದೀರಿ ಎಂದು ಕೇಳಿದಳು. ಪ್ರಪಂಚ ಗೆಲ್ಲಿಸುತ್ತಿದ್ದೇನೆ ಎಂದೆ. ಅವಳು ನಕ್ಕಳು, ಬೆರಳು ಬಂದಿದೆ, ಮುಷ್ಟಿಗೆ ಇನ್ನೂ ಬಲ ಬರಬೇಕು, ನಿಲ್ಲಿಸಬೇಡಿ ಎಂದಳು.

ಸಂಕ್ರಾಂತಿ ಹತ್ತಿರವಾಯಿತು. ಆಗಲೇ ಆ ಆಟ ಬದಲಾಯಿತು. ಹೊಸ ರೂಪ ತಾನಾಗಿಯೇ ಫೋನಿಗೆ ಬಂದು ಕೂತಿತ್ತು. ಅಪ್ಪ ಎಂದಿನಂತೆ ಎದುರಾಳಿಯನ್ನು ಮೂಲೆಗೆ ಅಟ್ಟಿದ. ಒಂದೇ ದೇಶ ಉಳಿಯುತ್ತಿದ್ದಂತೆ ಗ್ರೀನ್‌ಲ್ಯಾಂಡ್ ತಾನೇ ಹಸಿರಾಯಿತು, ಪರದೆಯ ತುಂಬ ಪಟಾಕಿ ಸಿಡಿದವು, ನೀವು ಗೆದ್ದಿರಿ ಎಂದು ಬಂತು.

"ಯಾರ್ ತಗೊಂಡ್ರು ಅದನ್ನ? ನಾ ಮುಟ್ಟಿಲ್ಲ," ಎಂದ ಅಪ್ಪ. ಮತ್ತೆ ಆಡಿದ, ಮತ್ತೆ ಪಟಾಕಿ. ಫೋನನ್ನು ಬೋರಲು ಹಾಕಿ ಗೋಡೆಯ ಕಡೆ ತಿರುಗಿ ಮಲಗಿದ. ಮಾರನೆಯ ದಿನ ಮುಟ್ಟಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಚೆಂಡು ಕೈಯಿಂದ ಉರುಳಿ ಯಂತ್ರದ ಕೆಳಗೆ ಹೋದರೂ ಕೇಳಲಿಲ್ಲ. ಇದೇ ಹೊತ್ತಿಗೆ ತಮ್ಮ ಕರೆ ಮಾಡಿ, ಟಗರಿನ ಮೈಮೇಲೆ ಉಣ್ಣೆ ಭಾರ ಆಗ್ಯದ, ಕತ್ತರಿಸುವ ದಿನ ಗೊತ್ತು ಮಾಡಲೇನು ಎಂದು ಕೇಳಿದ. ಅಪ್ಪ ಫೋನು ನನ್ನ ಕೈಗಿಟ್ಟ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಹೆದರಿಕೆಯಾದರೆ ನನಗೆ ಬರುವುದು ಸಿಟ್ಟು. ಅಭಿಪ್ರಾಯದ ಪುಟ ತೆಗೆದು ಒಂದೇ ಒಂದು ನಕ್ಷತ್ರ ಒತ್ತಿ, ಕನ್ನಡದಲ್ಲಿ ಉದ್ದಕ್ಕೆ ಬರೆದೆ. ಉಳಿದ ಒಂದು ದೇಶ ಉಳಿದಿದ್ದರೆ ನಿಮ್ಮಪ್ಪನ ಮನೆ ಗಂಟು ಏನು ಹೋಗುತ್ತಿತ್ತು, ಆಡುವವನ ಕೈಯಿಂದ ಆಟ ಕಿತ್ತುಕೊಂಡು ಪಟಾಕಿ ಬೇರೆ ಹಚ್ಚುತ್ತೀರಾ ಎಂದೆಲ್ಲ. ಕಳಿಸುವ ಮೊದಲು ಅಪ್ಪನಿಗೆ ಗಟ್ಟಿಯಾಗಿ ಓದಿದೆ, ಮುಷ್ಟಿಯಾದರೂ ಬಿಗಿಯಲಿ ಎಂದು. ಅವನು ನಕ್ಕುಬಿಟ್ಟ.

"ಹಿಂಗ್ಯಾಕ ಮಾಡ್ಯಾರಂತ? ಯಾರರ ಕೇಳಿದ್ರೇನು?"

ಹುಡುಕಿದೆ. ಕೇಳಿದವರು ಬಹಳ ಜನ ಇದ್ದರು. ಒಬ್ಬಾಕೆ ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಆಡುತ್ತಾಳೆ, ಕೊನೆಯ ದೇಶ ಹಿಡಿಯುವಷ್ಟರಲ್ಲಿ ಇಳಿಯುವ ಜಾಗ ಬರುತ್ತದೆ, ದಿನವೆಲ್ಲ ಅರ್ಧ ಬಿಟ್ಟ ಆಟದ್ದೇ ನೆನಪು. ಇನ್ನೊಬ್ಬ ಆಸ್ಪತ್ರೆಯಲ್ಲಿ ತಾಯಿಯ ಹಾಸಿಗೆಯ ಪಕ್ಕ ಕೂತು ಆಡುವವನು. ಅವಳು ಕರೆದ ಕೂಡಲೇ ಏಳಬೇಕು, ಒಂದು ಸಲವಾದರೂ ಗೆದ್ದು ಏಳುವಂತೆ ಮಾಡಿ ಎಂದು ಬರೆದಿದ್ದ. ಅದನ್ನು ಓದುವಾಗ ನನ್ನ ದನಿ ಇಳಿಯಿತು.

ಅಪ್ಪ ಎದ್ದು ಕೂತ. "ಪಾಪ, ಅವಂಗೂ ಬೇಕಲ್ಲ," ಎಂದ. "ನೀ ಬರದಿದ್ದು ಅಳಸು. ಅವ್ರು ಒಂದು ಬಿಟ್ರ ಮುಗಸ್ತಾರ ಹೌದಿಲ್ಲೋ? ನಾ ಎರಡು ಬಿಡ್ತೀನಿ."

ಇಷ್ಟು ಸರಳ ಉಪಾಯ ನನ್ನ ಸಿಟ್ಟಿನ ತಲೆಗೆ ಹೊಳೆದಿರಲಿಲ್ಲ. ಬರೆದದ್ದನ್ನು ಅಳಿಸಿ ಬೇರೆ ಬರೆದೆ, ಈ ಸಲ ಎಲ್ಲ ನಕ್ಷತ್ರಗಳನ್ನೂ ಒತ್ತಿದೆ. ಈ ಆಟ ಬೇಗ ಮುಗಿಯುತ್ತದೆ ಎಂದು ಬೇಸರಪಡುವವರು ಎರಡು ದೇಶ ಬಿಟ್ಟು ಆಡಿ ನೋಡಿ, ನಮ್ಮಪ್ಪ ಕುರಿ ಕಾಯುವವನು, ಅವನ ಬಿದ್ದ ಬಲಗೈ ಹೀಗೆ ಆಡಿಯೇ ಏಳುತ್ತಿದೆ, ಮಾಡಿದವರಿಗೆ ಒಳ್ಳೆಯದಾಗಲಿ ಎಂದು. ಕೆಲವು ದಿನಗಳಲ್ಲಿ ಯಾರ‍್ಯಾರೋ ಅದು ಉಪಯೋಗವಾಯಿತೆಂದು ಗುರುತು ಒತ್ತಿದ್ದರು. ಆಮೇಲೆ ಕನ್ನಡದಲ್ಲೇ ಇನ್ನೊಂದು ಹೊಸ ಅಭಿಪ್ರಾಯ ಬಂತು. 'ಕುರಿ ಕಾಯುವ ಅಪ್ಪನ ಬಗ್ಗೆ ಬರೆದವರಿಗೆ: ನಾನೂ ಈಗ ಎರಡು ಬಿಟ್ಟೇ ಆಡುತ್ತೇನೆ. ಅಪ್ಪನ ಕೈ ಹುಷಾರಾಗಲಿ.' ಓದಿ ಹೇಳಿದೆ. ಅಪ್ಪ ಮತ್ತೊಮ್ಮೆ ಓದು ಎಂದ. ಮೂಗು ಒರೆಸಿಕೊಂಡ, ಯಂತ್ರದ ಕೆಳಗಿಂದ ಚೆಂಡು ತೆಗೆದುಕೊಡು ಎಂದ. ಆ ಅಪರಿಚಿತ ಮನುಷ್ಯನಿಗೆ ಊಟ ಬಡಿಸುವ ಭಾಗ್ಯ ನನಗೆ ಎಂದಾದರೂ ಬಂದರೆ ಸಾಕು.

ಉಣ್ಣೆ ಕತ್ತರಿಸುವ ದಿನಕ್ಕೆ ಇಬ್ಬರೂ ಹೊರಟೆವು. ಜಹೀರಾಬಾದಿನಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಅಪ್ಪ ಬಲಗೈಯನ್ನು ಕಂಬಳಿಯೊಳಗೆ ಇಟ್ಟುಕೊಂಡು ಮುಚ್ಚಿ ತೆರೆಯುತ್ತಿದ್ದ. ನಾನು ನೋಡದವಳಂತೆ ಕಿಟಕಿಯಾಚೆ ತೊಗರಿ ಹೊಲ ನೋಡುತ್ತ ಕೂತಿದ್ದೆ.

ಮಾರನೆಯ ಬೆಳಿಗ್ಗೆ ತೊಳೆದು ಒಣಗಿಸಿದ ಟಗರನ್ನು ಕಾಲು ಕಟ್ಟಿ ಅಂಗಳದಲ್ಲಿ ಮಲಗಿಸಿದ್ದರು. ಮನೆಯವರು, ನೆರೆಯವರು ಸುತ್ತ ನಿಂತಿದ್ದರು. ತಮ್ಮ ಕತ್ತರಿಗೆ ಅರಿಶಿನದ ಭಂಡಾರ ಹಚ್ಚಿ ಅಪ್ಪನ ಕೈಗಿಟ್ಟ. ಅಪ್ಪ ಮೊಣಕಾಲೂರಿ ಕೂತ. ತೋರುಬೆರಳು ತನ್ನ ಜಾಗವನ್ನು ಸರಿಯಾಗಿ ಹಿಡಿಯಿತು. ಆದರೆ ಮುಷ್ಟಿ ಮುಚ್ಚಲಿಲ್ಲ. ದೊಡ್ಡ ಅಲಗುಗಳು ಉಣ್ಣೆಯ ಮೇಲೆ ಬಾಯಿ ತೆರೆದೇ ನಿಂತವು. ಅವನು ಮತ್ತೆ ಪ್ರಯತ್ನಿಸಿದ, ಅಲಗು ಕೂಡಲಿಲ್ಲ. ಅಪ್ಪ ತಲೆಯೆತ್ತಿ ತಮ್ಮನ ಕಡೆ ನೋಡಿ ಕತ್ತರಿ ಚಾಚಿದ.

ತಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದ. "ನಾ ಒಲ್ಲೆ," ಎಂದ. ಅವನ ಕಣ್ಣು ತುಂಬಿತ್ತು.

ನಾನು ಹೋಗಿ ಅಪ್ಪನ ಪಕ್ಕ ಕೂತೆ. ಅವನ ಕೈಯ ಮೇಲೆ ನನ್ನ ಕೈ ಇಟ್ಟೆ.

"ಇದು ನಮ್ಮ ಪದ್ಧತಿ ಅಲ್ಲ ಯವ್ವಾ," ಎಂದ ಮೆಲ್ಲಗೆ.

"ಬಲಗೈ ನಿಂದೇ ಅದಲ್ಲ? ಅದರ ಮ್ಯಾಲ ಮತ್ತೊಂದು ಕೈ ಇರಬಾರ್ದು ಅಂತ ಯಾರ್ ಹೇಳ್ಯಾರ?"

ನೆರೆದವರಲ್ಲಿ ಯಾರೂ ಹೇಳಲಿಲ್ಲ. ನಾನು ಒತ್ತಿದೆ. ಅಲಗುಗಳು ಕೂಡಿದವು, ಉಣ್ಣೆ ಕತ್ತರಿಸಿದ ಸದ್ದು ಕೇಳಿತು. ಮತ್ತೊಮ್ಮೆ ಒತ್ತಿದೆ. ನನ್ನ ಅಂಗೈ ಕೆಳಗೆ ಅವನ ಬೆರಳುಗಳು ತಾವೂ ಒತ್ತುತ್ತಿರುವುದು ನನಗೆ ತಿಳಿಯುತ್ತಿತ್ತು.

"ಕೈ ತಗಿ," ಎಂದ ಅಪ್ಪ.

"ಅಪ್ಪಾ..."

"ತಗಿ ಅಂದೆ."

ತೆಗೆದೆ. ಕತ್ತರಿ ತೆರೆಯಿತು. ಬಹಳ ಹೊತ್ತು ತೆರೆದೇ ಇತ್ತು. ಆಮೇಲೆ ಇಷ್ಟಿಷ್ಟೇ, ಇಷ್ಟಿಷ್ಟೇ ಮುಚ್ಚಿಕೊಂಡಿತು, ಒಂದು ಹಿಡಿಯೂ ಇಲ್ಲದ ಉಣ್ಣೆ ಸೊಟ್ಟಗೆ ತುಂಡಾಗಿ ನೆಲಕ್ಕೆ ಬಿತ್ತು. ಅಂಥ ಕತ್ತರಿ ನಾನು ಹಾಕಿದ್ದರೆ ಗಿರಾಕಿ ಬಟ್ಟೆಯನ್ನು ನನ್ನ ಮುಖಕ್ಕೆ ಎಸೆದು ಹೋಗುತ್ತಿದ್ದಳು. ನಾನು ನಗುತ್ತ ನಗುತ್ತ ಅಳತೊಡಗಿದೆ. ಅಪ್ಪ ಆ ತುಂಡನ್ನು ಎತ್ತಿ ನನ್ನ ಸೆರಗಿನಲ್ಲಿ ಹಾಕಿದ, ಟಗರಿನ ಉಳಿದ ಉಣ್ಣೆ ನೀನು ನೋಡಿಕೋ ಎಂದು ತಮ್ಮನಿಗೆ ಬೇರೆ ಕತ್ತರಿ ತರಲು ಹೇಳಿದ. ತನ್ನದನ್ನು ಒರೆಸಿ ಮಡಿಲಲ್ಲಿ ಇಟ್ಟುಕೊಂಡ.